ಹಿಸ್ಟೋನಿನ ಬಾಲ: ಒಂದು ಉಪೇಕ್ಷೆಯ ಚರಿತ್ರೆ

ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಯಾವ ಸಂಗತಿಯು ಯಾವ ಕಾಲದಲ್ಲಿ ಯಾರ ಕಣ್ಣಿಗೆ ಬಿತ್ತೆಂಬುದನ್ನು ವಿಸ್ತಾರವಾಗಿ ಹೇಳುವರಾದರೂ, ಎದುರಿಗೇ ಇದ್ದ ಸಂಗತಿಯೊಂದು ಎಷ್ಟು ಕಾಲ, ಯಾವ ಕಾರಣದಿಂದ ಲಕ್ಷ್ಯಕ್ಕೆ ಬಾರದೆ ಉಳಿಯಿತೆಂಬುದನ್ನು ವಿಚಾರಿಸುವುದು ವಿರಳ. ಜೀವಕೋಶದ ಕೇಂದ್ರದಲ್ಲಿ ಡಿಎನ್‌ಎ ಎಂಬ ದೀರ್ಘತಂತುವನ್ನು ತಮ್ಮ ಮೈಗೆ ಸುತ್ತಿಕೊಂಡಿರತಕ್ಕ ಹಿಸ್ಟೋನುಗಳೆಂಬ ಪ್ರೋಟೀನುಗಳ ಕಥೆಯಲ್ಲಿ ಈ ಎರಡನೆಯ ಬಗೆಯ ಚರಿತ್ರೆಗೆ ಬೇಕಾದಷ್ಟು ಸಾಮಗ್ರಿಯಿದೆ. ಈ ಪ್ರೋಟೀನುಗಳಿಗೆ ಬಿಗಿಯಾಗಿ ಮಡಿಚಿಕೊಂಡ ಒಡಲೊಂದು, ಆ ಒಡಲಿನಿಂದ ಹೊರಕ್ಕೆ ಚಾಚಿ, ನಿಶ್ಚಿತವಾದ ಆಕಾರವೇ ಇಲ್ಲದೆ ಅಲೆದಾಡುವ ಬಾಲವೊಂದು ಇರುತ್ತವೆ. ವಂಶವಾಹಿಯಲ್ಲಿರುವ ಆದೇಶವನ್ನು ಆರ್‌ಎನ್‌ಎಯ ರೂಪದಲ್ಲಿ ನಕಲು ಮಾಡಿಕೊಳ್ಳುವ ಕ್ರಿಯೆಗೆ, ಎಂದರೆ ಪ್ರತಿಲೇಖನಕ್ಕೆ, ಅನುವು ಮಾಡಿಕೊಡುವುದರಲ್ಲಿಯೂ ತಡೆಯೊಡ್ಡುವುದರಲ್ಲಿಯೂ ಈ ಬಾಲಗಳ ಪಾತ್ರವು ಹಿರಿದೆಂಬುದನ್ನು ಇಂದು ಕಾಲೇಜಿನ ಪಠ್ಯಪುಸ್ತಕಗಳೂ ಹೇಳುತ್ತವೆ. ಒಡಲೇ ಮುಖ್ಯ, ಬಾಲವು ಇದ್ದರೂ ಒಂದೇ, ಹೋದರೂ ಒಂದೇ ಎಂದು ತಿಳಿದವರು ತಿಳಿದಿದ್ದ ಕಾಲವು ಬಹಳ ಹಿಂದಿನದಲ್ಲ.

ಕಥೆಯು ತೊಡಗುವುದು ಜರ್ಮನಿಯ ಟ್ಯೂಬಿಂಗೆನ್ ಪಟ್ಟಣದ ಹಳೆಯ ಕೋಟೆಯ ಅಡುಗೆಮನೆಯೊಂದರಲ್ಲಿ. ರಾಜಪರಿವಾರದ ಅಡುಗೆಯು ನಿಂತುಹೋಗಿ, ಆ ಕಲ್ಲಿನ ಕೋಣೆಗಳು ಹಾಪ್ಪೆ-ಸೈಲರ್ ಎಂಬ ರಸಾಯನಜ್ಞನ ಪ್ರಯೋಗಶಾಲೆಯಾಗಿದ್ದ ದಿನಗಳಲ್ಲಿ, ಬಾಸೆಲ್ ಊರಿನ ಫ್ರೀಡ್ರಿಕ್ ಮೀಷರ್ ಎಂಬ ತರುಣ ವೈದ್ಯನು ಹತ್ತಿರದ ಶಸ್ತ್ರಚಿಕಿತ್ಸಾಲಯದಿಂದ ಬರುತ್ತಿದ್ದ ಗಾಯದ ಪಟ್ಟಿಗಳನ್ನು ತೊಳೆದು, ಅವುಗಳ ಕೀವಿನಲ್ಲಿದ್ದ ಬಿಳಿಯ ರಕ್ತಕಣಗಳ ಕೇಂದ್ರಭಾಗದಿಂದ ರಂಜಕವುಳ್ಳ ಹೊಸದೊಂದು ದ್ರವ್ಯವನ್ನು 1869ರಲ್ಲಿ ಬೇರ್ಪಡಿಸಿದನು. ಅದಕ್ಕೆ ಅವನು ಇಟ್ಟ ಹೆಸರು ನ್ಯೂಕ್ಲೀನ್. ಶಿಷ್ಯನ ಮಾತನ್ನು ಸುಲಭವಾಗಿ ಒಪ್ಪುವ ಜಾಯಮಾನದವನಲ್ಲದ ಹಾಪ್ಪೆ-ಸೈಲರನು ಪ್ರಯೋಗಗಳನ್ನು ತಾನೇ ಮತ್ತೊಮ್ಮೆ ಮಾಡಿ ನೋಡಿದ ತರುವಾಯವೇ ಅವು ಅಚ್ಚಾಗಲು ಸಮ್ಮತಿಸಿದ್ದರಿಂದ, ಲೇಖನವು ಹೊರಬರುವಷ್ಟರಲ್ಲಿ 1871 ಆಗಿತ್ತು. ಮೀಷರನು ಆಮೇಲೆ ತನ್ನೂರಿಗೆ ಹಿಂದಿರುಗಿ, ರೈನ್ ನದಿಯನ್ನು ಏರಿ ಬರುತ್ತಿದ್ದ ಸಾಲ್ಮನ್ ಮೀನುಗಳ ವೀರ್ಯವನ್ನು ಪರೀಕ್ಷಿಸುತ್ತ, ನ್ಯೂಕ್ಲೀನಿನೊಡನೆ ಕ್ಷಾರಗುಣವುಳ್ಳ ಮತ್ತೊಂದು ವಸ್ತುವು ಕೂಡಿಕೊಂಡಿರುವುದನ್ನು ಕಂಡು, 1874ರಲ್ಲಿ ಅದನ್ನು ಪ್ರೋಟಮೀನ್ ಎಂದು ಕರೆದನು. ಆಮ್ಲವೊಂದು, ಅದನ್ನು ಶಮನಗೊಳಿಸುವ ಕ್ಷಾರವೊಂದು: ಕೋಶಕೇಂದ್ರದ ಈ ದಾಂಪತ್ಯವು ಅಂದೇ ಗೋಚರಿಸಿತ್ತೆಂದು ಹೇಳಬಹುದು.

ಹಿಸ್ಟೋನನ್ನು ಕಂಡವನು ಅದೇ ಗುರುವಿನ ಇನ್ನೊಬ್ಬ ಶಿಷ್ಯನಾದ ಆಲ್ಬ್ರೆಕ್ಟ್ ಕಾಸೆಲ್. ಮನುಷ್ಯನ ಕೆಂಪು ರಕ್ತಕಣಗಳಲ್ಲಿ ಕೇಂದ್ರವಿರುವುದಿಲ್ಲ. ಪಕ್ಷಿಗಳ ರಕ್ತಕಣಗಳಲ್ಲಿ ಇರುತ್ತದೆ. ಈ ಕಾರಣದಿಂದ ಕಾಸೆಲನು ಹೆಬ್ಬಾತಿನ ರಕ್ತವನ್ನು ಆರಿಸಿಕೊಂಡು, ಅದರ ಕಣಗಳ ಕೇಂದ್ರಗಳನ್ನು ದುರ್ಬಲವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಆಮ್ಲದಲ್ಲಿ ಕರಗಿ ಹೊರಬಂದ ಪ್ರೋಟೀನನ್ನು 1884ರಲ್ಲಿ ಹಿಸ್ಟೋನೆಂದು ವರ್ಣಿಸಿದನು. ಆ ಆಮ್ಲದ ವಿಧಾನವು ಇಂದಿನ ಪ್ರಯೋಗಶಾಲೆಗಳಲ್ಲಿಯೂ ಅಲ್ಪಸ್ವಲ್ಪ ಮಾರ್ಪಾಟಿನೊಡನೆ ಬಳಕೆಯಲ್ಲಿದೆಯೆಂಬುದು ಅವನ ಕೈಕೆಲಸಕ್ಕೆ ಸಲ್ಲಬೇಕಾದ ಗೌರವ. ಕಾಸೆಲನಿಗೆ 1910ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಆದರೆ ಹಿಸ್ಟೋನು ಏತಕ್ಕಾಗಿ ಇದೆಯೆಂಬ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ. ಅವನ ಕಾಲದ ಮತ್ತಾರಲ್ಲಿಯೂ ಇರಲಿಲ್ಲ.

ಮುಂದಿನ ಅರ್ಧ ಶತಮಾನದಲ್ಲಿ ಕೋಶಕೇಂದ್ರದ ಪ್ರೋಟೀನುಗಳಿಗೆ ಮೊದಲು ಅತಿಯಾದ ಮಾನವೂ ಅನಂತರ ಅತಿಯಾದ ಅವಮಾನವೂ ಪ್ರಾಪ್ತವಾದುವು. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳಿಂದ ರಚಿತವಾದ ಪ್ರೋಟೀನೇ ವಂಶಗುಣಗಳನ್ನು ಹೊರಬಲ್ಲುದಲ್ಲದೆ, ನಾಲ್ಕೇ ಬಗೆಯ ಘಟಕಗಳುಳ್ಳ ಡಿಎನ್‌ಎಗೆ ಅಷ್ಟೊಂದು ವೈವಿಧ್ಯವು ಎಲ್ಲಿಂದ ಬರಬೇಕೆಂಬುದು ಬಹುಮಂದಿಯ ತರ್ಕವಾಗಿತ್ತು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಆಸ್ವಾಲ್ಡ್ ಏವರಿ ಮತ್ತು ಅವನ ಸಹೋದ್ಯೋಗಿಗಳು 1944ರಲ್ಲಿ ಡಿಎನ್‌ಎಯೇ ವಂಶಗುಣದ ವಾಹಕವೆಂದು ತೋರಿಸಿದಾಗ, ಅದೇ ಸಂಸ್ಥೆಯ ಆಲ್ಫ್ರೆಡ್ ಮರ್ಸ್ಕಿಯು ಆ ಡಿಎನ್‌ಎಯೊಳಗೆ ಪ್ರೋಟೀನಿನ ಲೇಶವು ಉಳಿದಿರಬಹುದೆಂದು ಆಕ್ಷೇಪಿಸಿ ಬಹುಕಾಲ ವಾದಿಸಿದನು. ಈ ಆಕ್ಷೇಪಕ್ಕಾಗಿ ಚರಿತ್ರಕಾರರು ಮರ್ಸ್ಕಿಯನ್ನು ಕಠಿಣವಾಗಿ ಕಂಡಿದ್ದಾರೆ. ನನಗೆ ತೋರುವಂತೆ, ತನ್ನ ವಾದದಲ್ಲಿ ಸೋತ ಆ ಮನುಷ್ಯನಿಗೆ ಕೋಶಕೇಂದ್ರದ ಪ್ರೋಟೀನುಗಳ ಮೇಲಿದ್ದ ಹಟಮಾರಿಯಾದ ಮಮತೆಯು ಇಲ್ಲದೆ ಹೋಗಿದ್ದರೆ, ನಮ್ಮ ಕಥೆಯ ಮುಖ್ಯವಾದ ಅಧ್ಯಾಯವು ಅವನ ಪ್ರಯೋಗಶಾಲೆಯಲ್ಲಿ ನಡೆಯುತ್ತಿರಲಿಲ್ಲ.

1953ರಲ್ಲಿ ಡಿಎನ್‌ಎಯ ಜೋಡಿಸುರುಳಿಯ ರೂಪವು ತಿಳಿದಮೇಲೆ ಜಗತ್ತಿನ ದೃಷ್ಟಿಯೆಲ್ಲ ಅತ್ತಲೇ ತಿರುಗಿತು. ಹಿಸ್ಟೋನುಗಳು ತಂತುವನ್ನು ಮಡಿಚಿಡುವ ಹೊದಿಕೆ ಮಾತ್ರವೆಂದು ಬಹುಮಂದಿ ತೀರ್ಮಾನಿಸಿಬಿಟ್ಟರು. ಎಡಿನ್‌ಬರೋದ ಎಡ್ಗರ್ ಮತ್ತು ಎಲೆನ್ ಸ್ಟೆಡ್‌ಮನ್ ದಂಪತಿಗಳು ಹಿಸ್ಟೋನುಗಳು ವಂಶವಾಹಿಗಳನ್ನು ಅದುಮಿಡತಕ್ಕವುಗಳಾಗಿರಬಹುದೆಂದು 1950ರಲ್ಲಿಯೇ ಸೂಚಿಸಿದ್ದರು. ಒಂದೇ ದೇಹದ ಎಲ್ಲ ಕೋಶಗಳಲ್ಲಿಯೂ ಒಂದೇ ವಂಶವಾಹಿಗಳಿರುವಾಗ ಯಕೃತ್ತಿನ ಕೋಶವು ಯಕೃತ್ತಾಗಿಯೂ ನರಕೋಶವು ನರವಾಗಿಯೂ ಉಳಿಯುವುದು ಹೇಗೆಂಬ ಪ್ರಶ್ನೆಗೆ ಅದು ಒಂದು ಉತ್ತರವಾಗಿತ್ತು. 1962ರಲ್ಲಿ ಕ್ಯಾಲಿಫೋರ್ನಿಯದಲ್ಲಿ ರೂ-ಚಿ ಹುವಾಂಗ್ ಮತ್ತು ಜೇಮ್ಸ್ ಬಾನರ್ ಎಂಬವರು ಬಟಾಣಿಯ ಮೊಳಕೆಗಳಿಂದ ತೆಗೆದ ವರ್ಣತಂತು ದ್ರವ್ಯದಲ್ಲಿ ಹಿಸ್ಟೋನು ಕೂಡಿಕೊಂಡ ಡಿಎನ್‌ಎಯಿಂದ ಆರ್‌ಎನ್‌ಎಯು ಹುಟ್ಟಲಾರದೆಂದು ತೋರಿಸಿ, ಆ ಊಹೆಗೆ ಪ್ರಯೋಗದ ಬಲವನ್ನು ಒದಗಿಸಿದರು. ಆದರೆ ಬರಿಯ ತಡೆಯಿಂದ ಏನು ಪ್ರಯೋಜನ? ಬೇಕಾದಾಗ ತೆರೆಯುವ ಉಪಾಯವಿಲ್ಲದಿದ್ದರೆ ಹಿಸ್ಟೋನು ನಿಯಾಮಕವಾಗಲಾರದು.

ಆ ಉಪಾಯವನ್ನು ಸೂಚಿಸಿದವನು ಮರ್ಸ್ಕಿಯ ಸಹೋದ್ಯೋಗಿಯಾದ ವಿನ್ಸೆಂಟ್ ಆಲ್‌ಫ್ರೀ. ಎಳೆಗರುವಿನ ಥೈಮಸ್ ಗ್ರಂಥಿಯ ಕೋಶಕೇಂದ್ರಗಳನ್ನು ಬೇರ್ಪಡಿಸಿ, ಅವುಗಳಿಗೆ ವಿಕಿರಣಶೀಲ ಇಂಗಾಲವನ್ನು ಹೊಂದಿದ ಅಸಿಟೇಟನ್ನು ಉಣಿಸಿದಾಗ, ಆ ಅಸಿಟೇಟು ಹಿಸ್ಟೋನುಗಳಿಗೆ ಹೋಗಿ ಅಂಟಿಕೊಳ್ಳುತ್ತಿತ್ತು. ಹೊಸ ಪ್ರೋಟೀನಿನ ತಯಾರಿಕೆಯನ್ನು ಪ್ಯೂರೋಮೈಸಿನ್ ಎಂಬ ಔಷಧದಿಂದ ತಡೆದಾಗಲೂ ಅಂಟುವುದು ನಿಲ್ಲಲಿಲ್ಲ. ಎಂದಮೇಲೆ ಸಿದ್ಧವಾಗಿರುವ ಹಿಸ್ಟೋನಿನ ಮೇಲೆಯೇ ಯಾವುದೋ ಕಿಣ್ವವು ಅದನ್ನು ಇಡುತ್ತಿರಬೇಕು. ಈ ಬಗೆಯಲ್ಲಿ ಅಸಿಟೇಟಿನ ಅಂಶವಾದ ಅಸಿಟೈಲು ಕೂಡಿಕೊಂಡ ಹಿಸ್ಟೋನುಗಳು ಡಿಎನ್‌ಎಯನ್ನು ಬಿಟ್ಟು ಹೋಗದಿದ್ದರೂ ಆರ್‌ಎನ್‌ಎಯ ಹುಟ್ಟಿಗೆ ಅವು ಒಡ್ಡುವ ಅಡ್ಡಿಯು ಕಡಮೆಯಾಗುತ್ತದೆಂಬುದು 1964ರಲ್ಲಿ ಆಲ್‌ಫ್ರೀ, ಫಾಕ್ನರ್ ಮತ್ತು ಮರ್ಸ್ಕಿ ಈ ಮೂವರು ಪ್ರಕಟಿಸಿದ ಲೇಖನದ ಸಾರ. ಇದರ ರಸಾಯನವು ಕ್ಲಿಷ್ಟವಾದುದಲ್ಲ. ಡಿಎನ್‌ಎಯ ಬೆನ್ನೆಲುಬಿನ ಫಾಸ್ಫೇಟುಗಳಲ್ಲಿ ಋಣವಿದ್ಯುತ್ತಿದೆ; ಹಿಸ್ಟೋನಿನಲ್ಲಿ ಹೇರಳವಾಗಿರುವ ಲೈಸೀನೆಂಬ ಅಮೈನೋ ಆಮ್ಲದ ತುದಿಯಲ್ಲಿ ಧನವಿದ್ಯುತ್ತಿದೆ; ಇವೆರಡರ ಆಕರ್ಷಣೆಯೇ ಬಂಧ. ಲೈಸೀನಿನ ತುದಿಯಲ್ಲಿ ಅಸಿಟೈಲು ಬಂದು ಕುಳಿತೊಡನೆ ಆ ಧನವಿದ್ಯುತ್ತು ಅಳಿಯುತ್ತದೆ, ಬಂಧವು ಸಡಿಲುತ್ತದೆ. ಅಸಿಟೈಲನ್ನು ತೆಗೆದರೆ ಮತ್ತೆ ಬಿಗಿ. ಇಷ್ಟು ಸುಲಭವಾಗಿ ಹಿಂದುಮುಂದಾಗಬಲ್ಲ ವ್ಯವಸ್ಥೆಯು ಪ್ರತಿಲೇಖನವನ್ನು ಬೇಕೆಂದಾಗ ತೊಡಗಿಸುವುದಕ್ಕೂ ಬೇಡವೆಂದಾಗ ನಿಲ್ಲಿಸುವುದಕ್ಕೂ ಅನುಕೂಲವಾದುದೆಂದು ಆಲ್‌ಫ್ರೀಯು ತರ್ಕಿಸಿದನು. 1966ರಲ್ಲಿ ಅದೇ ಪ್ರಯೋಗಶಾಲೆಯಿಂದ ಬಂದ ಇನ್ನೊಂದು ಲೇಖನವು, ಹುರುಳಿಕಾಯಿಯ ಜಾತಿಯ ಬೀಜದಿಂದ ತೆಗೆದ ದ್ರವ್ಯವೊಂದರಿಂದ ಮನುಷ್ಯನ ಲಸಿಕಾಕಣಗಳನ್ನು ಕೆರಳಿಸಿದಾಗ, ಆರ್‌ಎನ್‌ಎಯ ಉತ್ಪತ್ತಿಯು ಏರುವುದಕ್ಕಿಂತ ಮೊದಲೇ ಹಿಸ್ಟೋನುಗಳ ಅಸಿಟೈಲೀಕರಣವು ಏರುವುದನ್ನು ತೋರಿಸಿತು.

ಇಷ್ಟೆಲ್ಲ ಆದಮೇಲೆ ವಿಷಯವು ಇತ್ಯರ್ಥವಾಗಬೇಕಾಗಿತ್ತೆಂದು ಓದುಗರಿಗೆ ಅನ್ನಿಸಬಹುದು. ಆಗಲಿಲ್ಲ. ಆಲ್‌ಫ್ರೀಯ ಮಾತು ಸರಿಯಾದುದೆಂದು ಲೋಕವು ಒಪ್ಪುವುದಕ್ಕೆ ಮೂವತ್ತೆರಡು ವರ್ಷಗಳು ಹಿಡಿದುವು. ಅಸಿಟೈಲನ್ನು ಇಡುವ ಕಿಣ್ವವು ಯಾರ ಕೈಗೂ ಶುದ್ಧರೂಪದಲ್ಲಿ ಸಿಕ್ಕಿರಲಿಲ್ಲವೆಂಬುದು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣವು ಹೆಚ್ಚು ಸೂಕ್ಷ್ಮವಾದುದು. ಬ್ಯಾಕ್ಟೀರಿಯಗಳಲ್ಲಿ ವಂಶವಾಹಿಗಳ ನಿಯಂತ್ರಣವು ಹೇಗೆ ನಡೆಯುತ್ತದೆಂಬುದನ್ನು ಫ್ರಾನ್ಸಿನ ಜಾಕೋಬ್ ಮತ್ತು ಮೊನೊ 1961ರಲ್ಲಿ ಬಹು ಸೊಗಸಾಗಿ ವಿವರಿಸಿದ್ದರು. ಅವರು ಪರೀಕ್ಷಿಸಿದ ಬ್ಯಾಕ್ಟೀರಿಯದಲ್ಲಿ ಹಿಸ್ಟೋನುಗಳೇ ಇಲ್ಲ. ಹಿಸ್ಟೋನುಗಳಿಲ್ಲದೆಯೇ ಎಲ್ಲವೂ ಇಷ್ಟು ಚೆನ್ನಾಗಿ ವಿವರಿಸಲ್ಪಡುವಾಗ ಅವುಗಳ ಗೊಡವೆಯೇಕೆಂದು ಬುದ್ಧಿವಂತರಾದ ತರುಣರು ಭಾವಿಸಿದರೆ ಅವರನ್ನು ದೂಷಿಸುವಂತಿಲ್ಲ. ಸುಂದರವಾದ ಸಿದ್ಧಾಂತವೊಂದು ತನ್ನ ಬೆಳಕು ಬೀಳದ ಕಡೆ ನೋಡದಂತೆ ಮಾಡಿಬಿಡುತ್ತದೆ.

ಈ ನಡುವೆ 1969ರಲ್ಲಿ ಒಂದು ವಿಸ್ಮಯವು ಹೊರಬಿದ್ದಿತು. ಈಗ ಎಚ್4 ಎಂದು ಕರೆಯಲ್ಪಡುವ ಹಿಸ್ಟೋನಿನ 102 ಅಮೈನೋ ಆಮ್ಲಗಳ ಅನುಕ್ರಮವನ್ನು ಕರುವಿನಲ್ಲಿಯೂ ಬಟಾಣಿಯ ಗಿಡದಲ್ಲಿಯೂ ಓದಿ ಹೋಲಿಸಿದಾಗ, ಎರಡೇ ಎರಡು ಸ್ಥಾನಗಳಲ್ಲಿ ವ್ಯತ್ಯಾಸವು ಕಂಡಿತು. ಪಶುವೂ ಸಸ್ಯವೂ ಬೇರ್ಪಟ್ಟು ನೂರು ಕೋಟಿ ವರ್ಷಗಳಿಗೂ ಹೆಚ್ಚು ಕಾಲವಾಗಿದೆ. ಅಷ್ಟು ಕಾಲದಲ್ಲಿ ಎರಡು ಅಕ್ಷರಗಳು ಮಾತ್ರ ಬದಲಾದುವು! ಈ ಅನುಕ್ರಮದ ಮೊದಲ ಭಾಗದಲ್ಲಿ, ಎಂದರೆ ಬಾಲದಲ್ಲಿ, 5, 8, 12 ಮತ್ತು 16ನೆಯ ಸ್ಥಾನಗಳಲ್ಲಿ ಲೈಸೀನುಗಳು ಹೆಚ್ಚುಕಡಮೆ ತಾಳಬದ್ಧವಾಗಿ ಕುಳಿತಿದ್ದುವು. ಅಸಿಟೈಲು ಬಂದು ಸೇರುವ ತಾಣಗಳು ಅವೇ. ನಿಸರ್ಗವು ಇಷ್ಟು ಜತನದಿಂದ ಕಾಪಾಡಿಕೊಂಡು ಬಂದುದು ನಿಷ್ಪ್ರಯೋಜಕವಾಗಿರಲಾರದೆಂಬ ಅನುಮಾನವು ಆಗಲೇ ಬಲವಾಗಿ ಹುಟ್ಟಬೇಕಾಗಿತ್ತು.

ಆದರೆ ಆ ದಶಕದ ಉತ್ಸಾಹವೆಲ್ಲ ಒಡಲಿನ ಕಡೆಗೆ ಹರಿಯಿತು. ಓಕ್ ರಿಡ್ಜಿನ ಆಡಾ ಮತ್ತು ಡೊನಾಲ್ಡ್ ಓಲಿನ್ಸ್ ದಂಪತಿಗಳು 1974ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೆಗೆದ ಚಿತ್ರಗಳಲ್ಲಿ, ತೆಳ್ಳನೆಯ ತಂತುವಿನ ಉದ್ದಕ್ಕೂ ದುಂಡನೆಯ ಕಣಗಳು ಸಾಲಾಗಿ ಕುಳಿತಿರುವುದು ಕಂಡಿತು. ಅದೇ ವರ್ಷ ಕೇಂಬ್ರಿಜಿನಲ್ಲಿ ರೋಜರ್ ಕಾರ್ನ್‌ಬರ್ಗ್ ಎಂಬ ತರುಣನು ನಾಲ್ಕು ಬಗೆಯ ಹಿಸ್ಟೋನುಗಳಲ್ಲಿ ಎರಡೆರಡು ಸೇರಿ ಎಂಟರ ಗುಂಪಾಗಿ, ಅದರೊಡನೆ ಸುಮಾರು 200 ಜೋಡಿ ಘಟಕಗಳಷ್ಟು ಡಿಎನ್‌ಎಯು ಸೇರಿ ಒಂದು ಕಣವಾಗುತ್ತದೆಂದು ನಿರೂಪಿಸಿದನು. ಮರುವರ್ಷ ಫ್ರಾನ್ಸಿನವರು ಆ ಕಣಕ್ಕೆ ನ್ಯೂಕ್ಲಿಯೋಸೋಮ್ ಎಂದು ಹೆಸರಿಟ್ಟರು. ವಿಷಯವು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಆ ಕಣದ ಹರಳುಗಳನ್ನು ಬೆಳೆಸಿ ಅದರ ರೂಪವನ್ನು ಪರಮಾಣುಗಳ ಮಟ್ಟದಲ್ಲಿ ಕಾಣಬೇಕೆಂಬ ಸಾಹಸಕ್ಕೆ ಘಟಾನುಘಟಿಗಳು ಕೈಹಾಕಿದರು. ಈ ಸಂದರ್ಭದಲ್ಲಿಯೇ ಟ್ರಿಪ್ಸಿನ್ ಎಂಬ ಜೀರ್ಣಕಿಣ್ವದಿಂದ ನ್ಯೂಕ್ಲಿಯೋಸೋಮನ್ನು ಮೃದುವಾಗಿ ಮೆಲ್ಲಿಸಿ ನೋಡಿದವರಿಗೆ, ಕಿಣ್ವವು ಹೊರಗೆ ಚಾಚಿಕೊಂಡ ಬಾಲಗಳನ್ನು ಮಾತ್ರ ಕತ್ತರಿಸಿಹಾಕುತ್ತದೆಯೆಂದೂ, ಬಾಲವಿಲ್ಲದ ಒಡಲು ಡಿಎನ್‌ಎಯನ್ನು ಸುತ್ತಿಕೊಂಡು ಮೊದಲಿನಂತೆಯೇ ಇರುತ್ತದೆಂದೂ ತಿಳಿಯಬಂದಿತು. ಮಗ್ಗದಿಂದ ಇಳಿಸಿದ ಸೀರೆಯ ತುದಿಯಲ್ಲಿ ನೇಯದೆ ಉಳಿದ ಎಳೆಗಳನ್ನು ಕತ್ತರಿಸಿದರೆ ಸೀರೆಗೇನೂ ಊನವಿಲ್ಲವಷ್ಟೆ. ಬಾಲಗಳ ವಿಷಯದಲ್ಲಿಯೂ ಹಾಗೆಯೇ ಎಂದು ಸಾಕಷ್ಟು ಮಂದಿ ಭಾವಿಸಿದರು. ಹಿಸ್ಟೋನುಗಳ ತೂಕದಲ್ಲಿ ಸುಮಾರು ಕಾಲು ಪಾಲು ಈ ಎಳೆಗಳದೇ ಎಂಬುದು ಅವರಿಗೆ ತೊಡಕಾಗಿ ಕಾಣಲಿಲ್ಲ.

ಬಾಲವನ್ನು ನಂಬಿದವರು ಅಲ್ಲೊಬ್ಬರು ಇಲ್ಲೊಬ್ಬರು ಕೆಲಸವನ್ನು ಬಿಡದೆ ಮುಂದುವರಿಸಿದರು. ಬೆಣ್ಣೆ ತುಪ್ಪಗಳಿಗೆ ಅವುಗಳ ವಿಶಿಷ್ಟವಾದ ಕಮಟನ್ನು ಕೊಡುವ ಬ್ಯೂಟಿರಿಕ್ ಆಮ್ಲದ ಲವಣವನ್ನು ಕೋಶಗಳ ಕೃಷಿಗೆ ಸೇರಿಸಿದರೆ ಅಸಿಟೈಲು ಕೂಡಿಕೊಂಡ ಹಿಸ್ಟೋನುಗಳು ರಾಶಿಯಾಗಿ ಶೇಖರವಾಗುತ್ತವೆಂದು 1977ರಲ್ಲಿ ಕಂಡುಬಂದಿತು. ಅಸಿಟೈಲನ್ನು ತೆಗೆಯುವ ಕಿಣ್ವವನ್ನು ಅದು ತಡೆಹಿಡಿಯುತ್ತದೆಂಬ ವಿವರಣೆಯು ಮರುವರ್ಷವೇ ಸಿಕ್ಕಿತು. 1988ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ತಿನಲ್ಲಿ ಕ್ರೇನ್-ರಾಬಿನ್‌ಸನ್ ತಂಡದವರು ಕೋಳಿಯ ಭ್ರೂಣದ ರಕ್ತಕಣಗಳಿಂದ, ಕಾಸೆಲನ ನೂರು ವರ್ಷಗಳ ತರುವಾಯ ಮತ್ತೆ ಪಕ್ಷಿರಕ್ತದಿಂದಲೇ, ಅಸಿಟೈಲು ಅಂಟಿದ ನ್ಯೂಕ್ಲಿಯೋಸೋಮುಗಳನ್ನು ಪ್ರತಿಕಾಯಗಳ ನೆರವಿನಿಂದ ಆರಿಸಿ ತೆಗೆದು, ಅವುಗಳಲ್ಲಿ ಕೆಲಸಮಾಡುತ್ತಿರುವ ವಂಶವಾಹಿಗಳೇ ತುಂಬಿರುವುದನ್ನು ತೋರಿಸಿದರು. 1992ರಲ್ಲಿ ಬರ್ಮಿಂಗ್‌ಹ್ಯಾಮಿನ ಬ್ರಯನ್ ಟರ್ನರನು ಗಂಡು ಹಣ್ಣುನೊಣದಲ್ಲಿ ಇಮ್ಮಡಿ ದುಡಿಯಬೇಕಾದ ಎಕ್ಸ್ ವರ್ಣತಂತುವಿನ ಮೇಲೆ ಎಚ್4 ಬಾಲದ 16ನೆಯ ಲೈಸೀನು ವಿಶೇಷವಾಗಿ ಅಸಿಟೈಲನ್ನು ಧರಿಸಿರುವುದನ್ನು ಕಂಡನು. ಆದರೆ ಇವೆಲ್ಲ ಸಹವಾಸದ ಸಾಕ್ಷ್ಯಗಳು. ಪ್ರತಿಲೇಖನವು ನಡೆಯುವೆಡೆಯಲ್ಲಿ ಅಸಿಟೈಲು ಇದೆಯೆಂದ ಮಾತ್ರಕ್ಕೆ ಅಸಿಟೈಲಿನಿಂದ ಪ್ರತಿಲೇಖನವಾಯಿತೆಂದು ಹೇಳುವಂತಿಲ್ಲವೆಂಬ ಆಕ್ಷೇಪಣೆಯು ನ್ಯಾಯವಾದುದೇ ಆಗಿತ್ತು.

ಆಕ್ಷೇಪಣೆಗೆ ಅರ್ಧ ಉತ್ತರವು ಬಂದುದು ಬ್ರೆಡ್ಡು ಉಬ್ಬಿಸುವ ಯೀಸ್ಟಿನಿಂದ. ಪ್ರಾಣಿಗಳಲ್ಲಿ ಒಂದೊಂದು ಹಿಸ್ಟೋನಿಗೂ ಹತ್ತಾರು ವಂಶವಾಹಿಗಳಿರುವುದರಿಂದ ಅವುಗಳನ್ನು ಕೆಡಿಸಿ ನೋಡುವುದು ಆಗದ ಮಾತು. ಯೀಸ್ಟಿನಲ್ಲಿ ಎರಡೆರಡೇ ಇವೆ. ಲಾಸ್ ಏಂಜಲೀಸಿನ ಮೈಕೇಲ್ ಗ್ರುನ್‌ಸ್ಟೈನ್ ಎಂಬ ವಿಜ್ಞಾನಿಯು ಈ ಅನುಕೂಲವನ್ನು ಬಳಸಿಕೊಂಡು, ಎಚ್4 ಹಿಸ್ಟೋನಿನ ಬಾಲವನ್ನು ವಂಶವಾಹಿಯಲ್ಲಿಯೇ ಅಳಿಸಿ, ಬಾಲವಿಲ್ಲದ ಹಿಸ್ಟೋನಿನಿಂದಲೇ ಬದುಕಬೇಕಾದ ಯೀಸ್ಟನ್ನು ಸೃಷ್ಟಿಸಿದನು. ಕರುವಿನಿಂದ ಬಟಾಣಿಯವರೆಗೆ ಅಕ್ಷರವೂ ಅಲುಗದಂತೆ ಕಾಯ್ದುಬಂದ ಆ ಭಾಗವು ಹೋದರೆ ಯೀಸ್ಟು ಒಡನೆಯೇ ಸಾಯಬೇಕೆಂದು ನಿರೀಕ್ಷಿಸುವುದು ಸಹಜ. ಸಾಯಲಿಲ್ಲ. ನಿಧಾನವಾಗಿ ಬೆಳೆಯಿತು, ಆದರೆ ಸಂಗಮಕ್ಕೆ ಅಸಮರ್ಥವಾಯಿತು. ಕಾರಣವನ್ನು ಹುಡುಕಿದಾಗ, ಎಂದಿಗೂ ಮೌನವಾಗಿರಬೇಕಾಗಿದ್ದ ಎರಡು ವಂಶವಾಹಿ ತಾಣಗಳು ಬಾಯಿಬಿಟ್ಟಿದ್ದುದು ಕಂಡಿತು. ಇದು 1988ರ ಫಲ. 1991ರಲ್ಲಿ ಅದೇ ತಂಡವು ಬಾಲವನ್ನು ಕಳೆದುಕೊಂಡ ಯೀಸ್ಟು ಗ್ಯಾಲಕ್ಟೋಸ್ ಸಕ್ಕರೆಯನ್ನು ಬಳಸಿಕೊಳ್ಳುವ ವಂಶವಾಹಿಯನ್ನು ಸರಿಯಾಗಿ ಎಬ್ಬಿಸಲಾರದೆಂದೂ ತೋರಿಸಿತು. ಎಂದರೆ ಮಲಗಿಸುವುದಕ್ಕೂ ಬಾಲವೇ ಬೇಕು, ಎಬ್ಬಿಸುವುದಕ್ಕೂ ಬಾಲವೇ ಬೇಕು. ಬದುಕುವುದಕ್ಕೆ ಅದು ಅನಿವಾರ್ಯವಲ್ಲ, ಬದುಕನ್ನು ಸಂದರ್ಭಕ್ಕೆ ತಕ್ಕಂತೆ ನಡೆಸುವುದಕ್ಕೆ ಅನಿವಾರ್ಯ. ಹಿಂದಿನ ದಶಕದಲ್ಲಿ ಟ್ರಿಪ್ಸಿನನ್ನು ಬಳಸಿದವರ ಪ್ರಯೋಗದಲ್ಲಿ ದೋಷವಿರಲಿಲ್ಲ; ಒಡಲು ಕುಸಿಯುತ್ತದೆಯೇ ಎಂದು ಅವರು ಕೇಳಿದರು, ಪ್ರತಿಲೇಖನವು ಕೆಡುತ್ತದೆಯೇ ಎಂದು ಕೇಳಲಿಲ್ಲ.

ಉಳಿದರ್ಧವನ್ನು ಒದಗಿಸಿದ ಜೀವಿಯು ಇನ್ನೂ ವಿಚಿತ್ರವಾದುದು. ಸಿಹಿನೀರಿನ ಕೊಳಗಳಲ್ಲಿ ರೋಮಗಳಿಂದ ಈಜಾಡುವ ಟೆಟ್ರಹೈಮೆನ ಎಂಬ ಏಕಕೋಶಜೀವಿಗೆ ಒಂದೇ ಕೋಶದಲ್ಲಿ ಎರಡು ಕೇಂದ್ರಗಳು. ದೊಡ್ಡದು ಸದಾ ಪ್ರತಿಲೇಖನದಲ್ಲಿ ತೊಡಗಿರತಕ್ಕದ್ದು, ಚಿಕ್ಕದು ಮುಂದಿನ ಪೀಳಿಗೆಗಾಗಿ ವಂಶದ್ರವ್ಯವನ್ನು ಕಾದಿಟ್ಟುಕೊಂಡು ಮೌನವಾಗಿರತಕ್ಕದ್ದು. ದೊಡ್ಡ ಕೇಂದ್ರದ ಹಿಸ್ಟೋನುಗಳ ಮೇಲೆ ಅಸಿಟೈಲು ತುಂಬಿರುತ್ತದೆ, ಚಿಕ್ಕದರಲ್ಲಿ ಇಲ್ಲ. ಆದುದರಿಂದ ಕಿಣ್ವವನ್ನು ಹುಡುಕಬೇಕಾದುದು ದೊಡ್ಡ ಕೇಂದ್ರದಲ್ಲಿ ಎಂದು ಡೇವಿಡ್ ಆಲಿಸ್ ಎಂಬ ವಿಜ್ಞಾನಿಯು ನಿಶ್ಚಯಿಸಿದನು. ಅವನ ಶಿಷ್ಯನಾದ ಜೇಮ್ಸ್ ಬ್ರೌನೆಲ್ಲನು ಜೆಲ್ಲಿನೊಳಗೆ ಮೊದಲೇ ಹಿಸ್ಟೋನನ್ನು ಬೆರೆಸಿಟ್ಟು, ಅದರಲ್ಲಿ ಟೆಟ್ರಹೈಮೆನದ ಪ್ರೋಟೀನುಗಳನ್ನು ಗಾತ್ರಾನುಸಾರ ಬೇರ್ಪಡಿಸಿ, ವಿಕಿರಣಶೀಲ ಅಸಿಟೈಲನ್ನು ಒದಗಿಸಿ, ಯಾವ ಪಟ್ಟೆಯ ಪ್ರೋಟೀನು ಹಿಸ್ಟೋನಿಗೆ ಅದನ್ನು ಅಂಟಿಸುವುದೆಂದು ನೋಡುವ ಉಪಾಯವನ್ನು ಹೂಡಿದನು. ಪಟ್ಟೆಯು ಸಿಕ್ಕಿತು. ಅದರ ಅಮೈನೋ ಆಮ್ಲಗಳನ್ನು ಓದಿದಾಗ ಅದು ಅಪರಿಚಿತವಾದುದಲ್ಲವೆಂಬುದು ಗೊತ್ತಾಯಿತು. ಜಿಸಿಎನ್5 ಎಂಬ ಹೆಸರಿನಿಂದ ಅದರ ಜೋಡಿಯು ಯೀಸ್ಟಿನ ತಳಿಶಾಸ್ತ್ರಜ್ಞರಿಗೆ ಪ್ರತಿಲೇಖನದ ಸಹಾಯಕನಾಗಿ ಚಿರಪರಿಚಿತವಾಗಿದ್ದಿತು. ಅದು ಮಾಡುವ ಕೆಲಸವೇನೆಂಬುದು ಮಾತ್ರ ಅವರಿಗೆ ತಿಳಿದಿರಲಿಲ್ಲ. ಕೆಲಸವನ್ನು ಬಲ್ಲವರಿಗೆ ಆಳು ಸಿಕ್ಕಿರಲಿಲ್ಲ, ಆಳನ್ನು ಬಲ್ಲವರಿಗೆ ಕೆಲಸ ತಿಳಿದಿರಲಿಲ್ಲ. ರಸಾಯನಜ್ಞರೂ ತಳಿಶಾಸ್ತ್ರಜ್ಞರೂ ಬೇರೆ ಬೇರೆ ಸಮ್ಮೇಳನಗಳಿಗೆ ಹೋಗುತ್ತಿದ್ದುದರ ಫಲವಿದು. ಬ್ರೌನೆಲ್ ಮತ್ತು ಆಲಿಸರ ಲೇಖನವು 1996ರ ಮಾರ್ಚಿನಲ್ಲಿ ಪ್ರಕಟವಾಯಿತು. ಮರುತಿಂಗಳೇ ಹಾರ್ವರ್ಡಿನ ಸ್ಟೂಅರ್ಟ್ ಶ್ರೈಬರನ ತಂಡವು ಅಸಿಟೈಲನ್ನು ತೆಗೆಯುವ ಕಿಣ್ವವನ್ನು ಹಿಡಿದು, ಅದೂ ಪ್ರತಿಲೇಖನದ ನಿಯಾಮಕವೆಂದು ಯೀಸ್ಟಿನಲ್ಲಿ ಮೊದಲೇ ಹೆಸರಾಗಿದ್ದ ಪ್ರೋಟೀನಿನ ಸಂಬಂಧಿಯೇ ಎಂದು ತೋರಿಸಿತು. ಇಡುವವನೂ ತೆಗೆಯುವವನೂ ಒಟ್ಟಿಗೆ ಸಿಕ್ಕಿಬಿದ್ದ ಮೇಲೆ ವಾದಕ್ಕೆ ಎಡೆಯುಳಿಯಲಿಲ್ಲ. ಆಲಿಸ್ ಮತ್ತು ಗ್ರುನ್‌ಸ್ಟೈನರಿಗೆ 2018ರಲ್ಲಿ ಲ್ಯಾಸ್ಕರ್ ಪ್ರಶಸ್ತಿಯು ಜಂಟಿಯಾಗಿ ಸಂದಿತು. ಆಲಿಸನು ತನ್ನ ಕೊನೆಯ ಎರಡು ದಶಕಗಳನ್ನು ಕಳೆದುದು ಆಲ್‌ಫ್ರೀಯ ರಾಕ್‌ಫೆಲರಿನಲ್ಲಿಯೇ.

ಹರಳು ಬೆಳೆಸುವವರ ಶ್ರಮವೂ ಈ ಹೊತ್ತಿಗೆ ಫಲಿಸಿತು. 1997ರ ಸೆಪ್ಟೆಂಬರಿನಲ್ಲಿ ಜ್ಯೂರಿಕ್ಕಿನ ಕಾರೊಲಿನ್ ಲೂಗರ್, ಟಿಮತಿ ರಿಚ್‌ಮಂಡ್ ಮತ್ತು ಸಂಗಡಿಗರು 2.8 ಆಂಗ್‌ಸ್ಟ್ರಮ್ ಸ್ಫುಟತೆಯಲ್ಲಿ ನ್ಯೂಕ್ಲಿಯೋಸೋಮಿನ ರೂಪವನ್ನು ಪ್ರಕಟಿಸಿದರು. 146 ಜೋಡಿ ಘಟಕಗಳ ಡಿಎನ್‌ಎಯು ಹಿಸ್ಟೋನುಗಳ ಒಡಲಿಗೆ ಒಂದೂ ಮುಕ್ಕಾಲಿಗೆ ತುಸು ಕಡಮೆ ಸುತ್ತು ಸುತ್ತಿಕೊಂಡಿದ್ದ ಆ ಚಿತ್ರದಲ್ಲಿ, ಬಾಲಗಳು ಸುತ್ತುಗಳ ನಡುವಿನ ಸಂದಿಗಳಿಂದ ಹೊರಬಿದ್ದು, ಬಹುಮಟ್ಟಿಗೆ ಅದೃಶ್ಯವಾಗಿಬಿಡುತ್ತಿದ್ದುವು. ಸ್ಥಿರವಾಗಿ ನಿಲ್ಲದ ವಸ್ತುವನ್ನು ಎಕ್ಸ್ ಕಿರಣಗಳು ತೋರಿಸಲಾರವು. ಕಂಡಷ್ಟರಲ್ಲಿಯೇ ಒಂದು ಬಾಲದ ತುಣುಕು ನೆರೆಯ ಕಣದ ಮೈಯನ್ನು ಹೋಗಿ ಮುಟ್ಟಿತ್ತು. ಇದಕ್ಕಾಗಿ ಬಳಸಿದ ಹಿಸ್ಟೋನುಗಳನ್ನು ಪ್ರಾಣಿಗಳಿಂದ ತೆಗೆಯದೆ ಬ್ಯಾಕ್ಟೀರಿಯಗಳಲ್ಲಿ ತಯಾರಿಸಿಕೊಂಡರು. ಪ್ರಾಣಿಗಳ ಹಿಸ್ಟೋನುಗಳ ಬಾಲಗಳಲ್ಲಿ ಬಗೆಬಗೆಯ ಗುರುತುಗಳಿರುವುದರಿಂದ ಎಲ್ಲ ಕಣಗಳೂ ಏಕರೂಪವಾಗಿರುವುದಿಲ್ಲ, ಏಕರೂಪವಲ್ಲದುದರಿಂದ ಉತ್ತಮವಾದ ಹರಳಾಗುವುದಿಲ್ಲ. ಯಾವುದು ವಿಷಯದ ಜೀವವೋ ಅದೇ ಚಿತ್ರಕ್ಕೆ ವಿಘ್ನವಾಗಿತ್ತು.

ಪ್ರತಿಲೇಖನದಲ್ಲಿ ಬಾಲವುಳ್ಳದ್ದು ಹಿಸ್ಟೋನು ಮಾತ್ರವಲ್ಲ. ವಂಶವಾಹಿಯನ್ನು ನಕಲುಮಾಡುವ ಯಂತ್ರವೇ ಆದ ಎರಡನೆಯ ಆರ್‌ಎನ್‌ಎ ಪಾಲಿಮರೇಸಿಗೆ, ಏಳು ಅಮೈನೋ ಆಮ್ಲಗಳ ಒಂದೇ ಪದವನ್ನು ಯೀಸ್ಟಿನಲ್ಲಿ 26 ಸಾರಿ, ಮನುಷ್ಯನಲ್ಲಿ 52 ಸಾರಿ ಜಪಿಸಿದಂತಿರುವ ಬಾಲವೊಂದು ಇರುವುದು 1985ರಲ್ಲಿ ತಿಳಿದುಬಂದಿತು. ಅದರ ಮೇಲೆ ಕೂಡುವ ಫಾಸ್ಫೇಟುಗಳು ನಕಲಿನ ಕೆಲಸವು ಆರಂಭದಲ್ಲಿದೆಯೋ ಮಧ್ಯದಲ್ಲಿದೆಯೋ ಎಂಬುದನ್ನು ಉಳಿದ ಪ್ರೋಟೀನುಗಳಿಗೆ ತಿಳಿಸುತ್ತವೆ. ಕಾರ್ನ್‌ಬರ್ಗನು 2001ರಲ್ಲಿ ಆ ಯಂತ್ರದ ಹರಳಿನ ಚಿತ್ರವನ್ನು ಪ್ರಕಟಿಸಿದಾಗ ಈ ಬಾಲವೂ ಅದರಲ್ಲಿ ಕಾಣಲಿಲ್ಲ. ಅದರದೇ ಒಂದು ಪ್ರತ್ಯೇಕ ಚರಿತ್ರೆ.

1996ರ ತರುವಾಯದ ವರ್ಷಗಳಲ್ಲಿ ಬಾಲವು ಉಪೇಕ್ಷೆಯಿಂದ ಒಮ್ಮೆಲೇ ವೈಭವಕ್ಕೆ ಏರಿತು. ಅಸಿಟೈಲನ್ನು ಗುರುತಿಸಿ ಹಿಡಿಯುವ ಪ್ರೋಟೀನಿನ ಮಡಿಕೆಯು 1999ರಲ್ಲಿ ಸಿಕ್ಕಿತು. 2000ದಲ್ಲಿ ವಿಯೆನ್ನದ ಥಾಮಸ್ ಯೆನುವೈನನು ಎಚ್3 ಎಂಬ ಹಿಸ್ಟೋನಿನ ಬಾಲದ 9ನೆಯ ಲೈಸೀನಿಗೆ ಮೀಥೈಲೆಂಬ ಮತ್ತೊಂದು ಗುರುತನ್ನು ಸೇರಿಸುವ ಕಿಣ್ವವನ್ನು ಕಂಡುಹಿಡಿದನು; ಮರುವರ್ಷ ಆ ಗುರುತನ್ನು ಓದಿ ವಂಶವಾಹಿಯನ್ನು ಮೌನಗೊಳಿಸುವ ಪ್ರೋಟೀನೂ ಬೆಳಕಿಗೆ ಬಂದಿತು. ಈ ಎಲ್ಲ ಗುರುತುಗಳು ಕೂಡಿ ಒಂದು ಸಂಕೇತಲಿಪಿಯಾಗುತ್ತವೆಂದು ಸ್ಟ್ರಾಲ್ ಮತ್ತು ಆಲಿಸ್ 2000ದಲ್ಲಿಯೇ ಸಾರಿದ್ದರು. ಮಾತು ಆಕರ್ಷಕವಾಗಿತ್ತು, ಆಕರ್ಷಕವಾದ ಮಾತಿಗೆ ಬರುವ ಅಪಾಯವೂ ಅದಕ್ಕೆ ಬಂದಿತು. ಬಾಲದ ಗುರುತುಗಳು ಪ್ರತಿಲೇಖನದ ಕಾರಣಗಳೆಂದು ಹೇಳುವುದಕ್ಕೆ ಬದಲು ಪರಿಣಾಮಗಳೆಂದೇ ಹೇಳಬೇಕಾದ ಸಂದರ್ಭಗಳು ಅನೇಕವಿವೆಯೆಂದೂ, ಯಾವ ವಂಶವಾಹಿಯನ್ನು ತೆರೆಯಬೇಕೆಂದು ನಿರ್ಣಯಿಸುವುದು ಡಿಎನ್‌ಎಯ ಅನುಕ್ರಮವನ್ನೇ ಗುರುತಿಸಬಲ್ಲ ಪ್ರೋಟೀನುಗಳೆಂದೂ ಮಾರ್ಕ್ ಪ್ಟಾಶ್ನೆಯಂಥ ಹಿರಿಯರು ಖಂಡಿತವಾಗಿ ಹೇಳಿದ್ದಾರೆ. ಜಿಸಿಎನ್5 ತಾನಾಗಿ ಎಲ್ಲಿಗೂ ಹೋಗದು, ಅಂಥ ಪ್ರೋಟೀನೊಂದು ಕರೆದೊಯ್ದಲ್ಲಿಗೆ ಹೋಗುತ್ತದೆಯೆಂಬುದನ್ನು ನೆನೆದರೆ ಈ ಟೀಕೆಯನ್ನು ತಳ್ಳಿಹಾಕುವಂತಿಲ್ಲ. ಆದರೂ 2013ರಲ್ಲಿ ಹಣ್ಣುನೊಣದ ಎಚ್3 ಬಾಲದ 27ನೆಯ ಲೈಸೀನೊಂದನ್ನು ಮಾತ್ರ ಬದಲಿಸಿದಾಗ, ಅದಕ್ಕೆ ಮೀಥೈಲನ್ನು ಸೇರಿಸುವ ಕಿಣ್ವವನ್ನೇ ಕಳೆದುಕೊಂಡಷ್ಟು ಕೆಡುಕು ಉಂಟಾದುದರಿಂದ, ಕೆಲವು ಸ್ಥಾನಗಳಲ್ಲಾದರೂ ಗುರುತೇ ಕಾರಣವೆಂಬುದು ಸಿದ್ಧವಾಯಿತು.

ಈ ಕಥೆಯ ಒಂದು ಕವಲು ನಮ್ಮ ನಾಡಿಗೂ ಬಂದಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ಪ್ರಯೋಗಶಾಲೆಯು, ಬಾಲಗಳಿಗೆ ಅಸಿಟೈಲನ್ನು ಇಡುವ ಪಿ300 ಎಂಬ ಕಿಣ್ವವನ್ನು ತಡೆಯಬಲ್ಲ ಸಣ್ಣ ಅಣುಗಳನ್ನು ಅರಸುತ್ತ, 2003ರಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಅನಕಾರ್ಡಿಕ್ ಆಮ್ಲವನ್ನೂ, 2004ರಲ್ಲಿ ಕರಾವಳಿಯವರು ಪುನರ್ಪುಳಿಯೆಂದೂ ಘಟ್ಟದವರು ಮುರುಗಲೆಂದೂ ಕರೆಯುವ ಹಣ್ಣಿನ ಸಿಪ್ಪೆಯಿಂದ ಗಾರ್ಸಿನಾಲನ್ನೂ, ಅದೇ ವರ್ಷ ಅರಿಶಿನದ ಕರ್ಕ್ಯುಮಿನ್ನನ್ನೂ ಲೋಕದ ಮುಂದಿಟ್ಟಿತು. ಪ್ರಯೋಗಶಾಲೆಯ ಕೋಶಗಳಲ್ಲಿ ಕಂಡುದನ್ನು ಊಟದ ಎಲೆಗೆ ಎಳೆತರುವವರು ಇಂದು ಹೆಚ್ಚಾಗಿರುವುದರಿಂದ ಇಷ್ಟನ್ನು ಹೇಳಬೇಕು: ಪುನರ್ಪುಳಿಯ ಸಾರನ್ನು ಉಂಡವರ ಹಿಸ್ಟೋನುಗಳಿಗೆ ಏನೋ ಆಗಿಬಿಡುತ್ತದೆಂದು ಆ ಲೇಖನಗಳಲ್ಲಿ ಎಲ್ಲಿಯೂ ಬರೆದಿಲ್ಲ. ಸಾರು ರುಚಿಗಾಗಿಯೇ ಸಾಕು. ಬೆಂಗಳೂರಿನಲ್ಲಿಯೇ, ಮೀಷರನ ಸಾಲ್ಮನ್ ಮೀನಿನ ಪ್ರಶ್ನೆಯನ್ನು ಮುಂದುವರಿಸಿದಂತೆ, ವೀರ್ಯಾಣು ರೂಪುಗೊಳ್ಳುವಾಗ ಹಿಸ್ಟೋನುಗಳು ಹೊರಟು ಅವುಗಳ ಸ್ಥಾನದಲ್ಲಿ ಬೇರೆ ಪ್ರೋಟೀನುಗಳು ಬಂದು ಕೂಡುವ ವಿಷಯವನ್ನು ಎಂ. ಆರ್. ಸತ್ಯನಾರಾಯಣ ರಾವ್ ಅವರು ದೀರ್ಘಕಾಲ ಅಭ್ಯಾಸಮಾಡಿದರು.

ಔಷಧದ ಕಡೆಗೆ ನೋಡಿದರೆ, ಅಸಿಟೈಲನ್ನು ತೆಗೆಯುವ ಕಿಣ್ವವನ್ನು ತಡೆಯುವ ವೊರಿನೊಸ್ಟಾಟ್ ಎಂಬುದಕ್ಕೆ 2006ರಲ್ಲಿ ಚರ್ಮದ ಒಂದು ಬಗೆಯ ಲಿಂಫೋಮದ ಚಿಕಿತ್ಸೆಗಾಗಿ ಅಮೆರಿಕದಲ್ಲಿ ಅನುಮತಿಯು ದೊರೆಯಿತು. ಅದಕ್ಕಿಂತ ಮನಸ್ಸನ್ನು ಕಲಕುವ ಸಂಗತಿಯು 2012ರದು. ಮಕ್ಕಳ ಮಿದುಳುಕಾಂಡದಲ್ಲಿ ಹುಟ್ಟುವ, ಶಸ್ತ್ರಕ್ಕೆ ಎಟುಕದ ಒಂದು ಘೋರವಾದ ಗಂತಿಯಲ್ಲಿ, ರೋಗಿಗಳ ಪೈಕಿ ಬಹುಪಾಲಿನವರಲ್ಲಿ ಎಚ್3 ಹಿಸ್ಟೋನಿನ ಬಾಲದ 27ನೆಯ ಲೈಸೀನಿದ್ದೆಡೆಯಲ್ಲಿ ಮೆಥಿಯೊನೀನ್ ಬಂದಿರುವುದು ಆ ವರ್ಷ ಬಯಲಾಯಿತು. ಮನುಷ್ಯನಲ್ಲಿ ಈ ಹಿಸ್ಟೋನಿಗೆ ಹತ್ತಾರು ವಂಶವಾಹಿಗಳಿದ್ದರೂ ಅವುಗಳಲ್ಲಿ ಒಂದರ ಒಂದು ಪ್ರತಿಯಲ್ಲಿ ಈ ಪಲ್ಲಟವಾದರೆ ಸಾಕು. ಆ ತಪ್ಪು ಬಾಲವು ಮೀಥೈಲನ್ನು ಇಡುವ ಕಿಣ್ವವನ್ನು ನಿಷ್ಕ್ರಿಯಗೊಳಿಸಿ, ಸರಿಯಾಗಿರುವ ಹಿಸ್ಟೋನುಗಳಿಗೂ ಗುರುತು ದೊರೆಯದಂತೆ ಮಾಡುತ್ತದೆ. ಒಂದು ಬಾಲವನ್ನು ಪೂರಾ ಕಳೆದುಕೊಂಡರೂ ಯೀಸ್ಟು ಬದುಕಿತ್ತು. ಇಲ್ಲಿ ಒಂದೇ ಅಮೈನೋ ಆಮ್ಲದ ಪಲ್ಲಟದಿಂದ ಇಷ್ಟು ಅನರ್ಥ. ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಮಿದುಳಿನ ಗಂತಿಗಳ ವರ್ಗೀಕರಣವನ್ನು ಪರಿಷ್ಕರಿಸಿದಾಗ ಈ ರೋಗಕ್ಕೆ ಪ್ರತ್ಯೇಕವಾದ ಸ್ಥಾನವನ್ನು ಕೊಟ್ಟು, ಅದರ ಹೆಸರಿನಲ್ಲಿಯೇ ಆ ಹಿಸ್ಟೋನನ್ನೂ 27 ಎಂಬ ಅಂಕಿಯನ್ನೂ ಸೇರಿಸಿತು. ಆ ಪಲ್ಲಟವಿದೆಯೇ ಎಂದು ಪರೀಕ್ಷಿಸಿ ನೋಡುವುದು ಅಂದಿನಿಂದ ರೋಗನಿದಾನದ ಅಂಗವಾಗಿದೆ.